ಔಷಧ ಚೀಟಿ, ಆಸ್ಪತ್ರೆ ಬಿಲ್ಲು, ಆರೋಗ್ಯ ಕಾರ್ಡು: ಸದಸ್ಯರು ತಿಳಿದಿರಬೇಕಾದ ನಿಯಮಗಳು



ಡೈರಿಯಲ್ಲಿ ಹಾಲು ಹಾಕಿದ ಮೇಲೆ ಕೈಗೆ ಬರುವ ಚೀಟಿಯನ್ನು ನೀವು ನೋಡದೆ ಜೇಬಿಗೆ ಹಾಕುವುದಿಲ್ಲ. ಸದಸ್ಯ ಸಂಖ್ಯೆ ನಿಮ್ಮದೇ ಹೌದೇ, ಲೀಟರು ಸರಿಯಿದೆಯೇ, ಫ್ಯಾಟು ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಒಮ್ಮೆ ಕಣ್ಣಾಡಿಸುತ್ತೀರಿ. ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ನಿಮ್ಮ ಹಾಲಿನ ಹಣ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ ಎಂಬುದು ನಿಮಗೆ ಗೊತ್ತು.

ಅದೇ ನೀವು ಆಸ್ಪತ್ರೆಯಿಂದಲೋ ಮೆಡಿಕಲ್ ಶಾಪಿನಿಂದಲೋ ಬರುವಾಗ ಕೈಯಲ್ಲಿರುವ ಚೀಟಿಯನ್ನು ಹೀಗೆ ನೋಡುತ್ತೀರಾ? ಬಹಳ ಮಂದಿ ನೋಡುವುದಿಲ್ಲ. ಡಾಕ್ಟರು ಬರೆದದ್ದು, ನಮಗೇನು ತಿಳಿಯುತ್ತದೆ ಎಂದು ಸುಮ್ಮನಿರುತ್ತಾರೆ. ಸಕಲೇಶಪುರ, ಆಲೂರು ಭಾಗದ ಸಣ್ಣ ಹಿಡುವಳಿದಾರರ ಮನೆಯಲ್ಲಿ ದೊಡ್ಡ ಕಾಯಿಲೆ ಬಂದಾಗ ಕೊಟ್ಟಿಗೆಯಿಂದ ಮೊದಲು ಹೊರಡುವುದು ಕರೆಯುವ ಹಸು. ಕಾಫಿಯ ಹಣ ವರ್ಷಕ್ಕೊಮ್ಮೆ, ಮೆಣಸಿನದು ಇನ್ನೊಮ್ಮೆ. ತಕ್ಷಣಕ್ಕೆ ಹಣವಾಗುವುದು ಹಸು ಒಂದೇ. ಯೋಜನೆಯಿಂದ ಸಿಗಬಹುದಾಗಿದ್ದ ಚಿಕಿತ್ಸೆಗೆ ಕಾಗದ ಸರಿಯಿಲ್ಲವೆಂಬ ಕಾರಣಕ್ಕೆ ಹಸು ಮಾರುವಂತಾದರೆ ಆ ಮನೆಯ ದಿನದ ಆದಾಯವೇ ನಿಂತುಹೋಗುತ್ತದೆ. ಆದ್ದರಿಂದ ಈ ಪಾಠವನ್ನು ಹಸು ಸಾಕಣೆಯ ಪಾಠದಷ್ಟೇ ಗಮನವಿಟ್ಟು ಓದಿ.

ಚೀಟಿಗೆ ಐದು ಪ್ರಶ್ನೆಗಳು

ಯಾವುದೇ ಚೀಟಿ ಹಣಕ್ಕೆ ಆಧಾರವಾಗಬೇಕಾದರೆ ಐದು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಬೇಕು. ಯಾರು ಕೊಟ್ಟರು? ಯಾರಿಗೆ ಕೊಟ್ಟರು? ಏನು ಕೊಟ್ಟರು? ಎಷ್ಟು ಕೊಟ್ಟರು? ಯಾವಾಗ ಕೊಟ್ಟರು?

ಹಾಲಿನ ಚೀಟಿಯಲ್ಲಿ ಈ ಐದೂ ಇವೆ. ಹಸುವಿನ ವಿಮೆಯಲ್ಲೂ ಇದೇ ಕ್ರಮ. ಕಿವಿಯೋಲೆಯ 12 ಅಂಕಿಯ ಸಂಖ್ಯೆ ವಿಮಾ ಪತ್ರದ ಸಂಖ್ಯೆಗೆ ಹೊಂದದಿದ್ದರೆ ಹಸು ಸತ್ತಾಗ ಪರಿಹಾರ ಕೇಳುವುದು ಎಷ್ಟು ಕಷ್ಟವೆಂದು ಹಳೆಯ ಸದಸ್ಯರಿಗೆ ಹೇಳಬೇಕಾಗಿಲ್ಲ. ಮನುಷ್ಯರ ಚಿಕಿತ್ಸೆಗೂ ನಿಯಮ ಹೀಗೆಯೇ ಇದೆ. ವ್ಯತ್ಯಾಸವೆಂದರೆ ಅಲ್ಲಿ ಸಂಖ್ಯೆಗಳು ಹೆಚ್ಚು: ರೋಗಿಗೊಂದು, ವೈದ್ಯರಿಗೊಂದು, ಆಸ್ಪತ್ರೆಗೊಂದು, ಔಷಧದ ಅಂಗಡಿಗೊಂದು. ಒಂದೊಂದಾಗಿ ನೋಡೋಣ.

ರೋಗಿಯ ಸಂಖ್ಯೆ: ಯಾವ ಕಾರ್ಡು ಯಾವುದಕ್ಕೆ?

ನಮ್ಮ ಸದಸ್ಯರಿಗೆ ಮುಖ್ಯವಾಗಿ ಅನ್ವಯಿಸುವ ಯೋಜನೆಗಳು ಎರಡು.

ಮೊದಲನೆಯದು ಯಶಸ್ವಿನಿ. ಇದು ಸಹಕಾರಿಗಳ ಯೋಜನೆ. 2003ರ ಜೂನ್ 1ರಿಂದ ಜಾರಿಗೆ ಬಂದಾಗ ಒಬ್ಬರಿಗೆ ತಿಂಗಳಿಗೆ 5 ರೂ. ಲೆಕ್ಕದಲ್ಲಿ ವರ್ಷಕ್ಕೆ 60 ರೂ. ವಂತಿಗೆ ಇತ್ತು. 2018ರಲ್ಲಿ ಇದನ್ನು ಆರೋಗ್ಯ ಕರ್ನಾಟಕ ಯೋಜನೆಯೊಳಗೆ ಸೇರಿಸಲಾಯಿತು. 2022ರ ನವೆಂಬರ್‌ನಲ್ಲಿ ನೋಂದಣಿ ಮತ್ತೆ ಆರಂಭವಾಗಿ, 2023ರ ಜನವರಿಯಿಂದ ಚಿಕಿತ್ಸೆ ದೊರೆಯತೊಡಗಿತು. ಹಾಗೆ ಪುನಃ ಆರಂಭವಾದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರ ಕುಟುಂಬಕ್ಕೆ ನಾಲ್ವರವರೆಗೆ 500 ರೂ., ಅದಕ್ಕೂ ಹೆಚ್ಚಿನ ಪ್ರತಿಯೊಬ್ಬರಿಗೆ 100 ರೂ. ವಂತಿಗೆ ನಿಗದಿಯಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರ ಭರಿಸುವ ವ್ಯವಸ್ಥೆ ಮಾಡಲಾಯಿತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನಗದುರಹಿತ ಚಿಕಿತ್ಸೆ ಎಂದು ಗೊತ್ತುಪಡಿಸಲಾಯಿತು. ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯತ್ವವೇ ಇದಕ್ಕೆ ದಾರಿ. ಈ ನೋಂದಣಿ ವರ್ಷ ವರ್ಷವೂ ನವೀಕರಣವಾಗಬೇಕು. ಹಿಂದಿನ ವರ್ಷ ಕಟ್ಟಿದ್ದೇವೆ ಎಂದರೆ ಈ ವರ್ಷಕ್ಕೆ ಆಗುವುದಿಲ್ಲ.

ಎರಡನೆಯದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ರಾಜ್ಯದಲ್ಲಿ ಎರಡು ಯೋಜನೆಗಳು 2018ರಲ್ಲಿ ಒಂದುಗೂಡಿ ಇದು ರೂಪುಗೊಂಡಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸಿಕೊಂಡು ಬಂದಿದೆ. ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಟ್ಟು ಒಂದೂವರೆ ಲಕ್ಷ ರೂ. ಮೀರದಂತೆ, ಸರ್ಕಾರದ ನೆರವು ಎಂದು ಯೋಜನೆ ರೂಪಿಸಲಾಯಿತು.

ಇಲ್ಲೊಂದು ಮುಖ್ಯ ಎಚ್ಚರಿಕೆ. 'ಆಭಾ' ಎಂಬ 14 ಅಂಕಿಯ ಆರೋಗ್ಯ ಸಂಖ್ಯೆಯ ಕಾರ್ಡನ್ನು ಮಾಡಿಸಿಕೊಂಡು ವಿಮೆ ಆಯಿತೆಂದು ತಿಳಿಯಬೇಡಿ. ಆಭಾ ಸಂಖ್ಯೆ ನಿಮ್ಮ ತಪಾಸಣೆ, ಚಿಕಿತ್ಸೆಯ ದಾಖಲೆಗಳನ್ನು ಒಂದೆಡೆ ಜೋಡಿಸುವುದಕ್ಕೆ ಮಾತ್ರ. ಅದು ಬಿಲ್ಲಿನ ಹಣ ಕೊಡುವುದಿಲ್ಲ. ಹಣ ಭರಿಸುವುದು ಆಯುಷ್ಮಾನ್ ಕಾರ್ಡು ಅಥವಾ ಯಶಸ್ವಿನಿ ಕಾರ್ಡು. ಮನೆಯಲ್ಲಿರುವುದು ಯಾವ ಕಾರ್ಡು ಎಂದು ಇವತ್ತೇ ತೆಗೆದು ನೋಡಿ.

ಹೆಸರು ಹೊಂದಿಕೆಯಾಗಲಿ

ಕಾರ್ಡಿನಲ್ಲಿ, ಆಧಾರ್‌ನಲ್ಲಿ, ಪಡಿತರ ಚೀಟಿಯಲ್ಲಿ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ ಲಕ್ಷ್ಮಮ್ಮ, ಇನ್ನೊಂದರಲ್ಲಿ ಲಕ್ಷ್ಮೀದೇವಮ್ಮ ಎಂದಿದ್ದರೆ ಊರಿನವರಿಗೆ ಇಬ್ಬರೂ ಒಬ್ಬರೇ. ಕಂಪ್ಯೂಟರಿಗೆ ಬೇರೆ ಬೇರೆ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಪಡಿತರ ಚೀಟಿಯಲ್ಲೇ ಉಳಿದಿರುತ್ತದೆ. ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಹೋದಾಗಲೇ ಅದು ಹೊರಬೀಳುವುದು. ಮಗುವಿನ ಹೆಸರು ಸೇರಿಸುವುದನ್ನು ಮರೆತಿರುವ ಮನೆಗಳೂ ಇವೆ. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರು ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಂಡಿರಬೇಕು. ಈ ಕೆಲಸಗಳೆಲ್ಲ ಆರೋಗ್ಯವಾಗಿರುವಾಗ ಆಗಬೇಕಾದವು. ಮಳೆಗಾಲದಲ್ಲಿ ರೋಗಿಯನ್ನು ಜೀಪಿನಲ್ಲಿ ಮಲಗಿಸಿಕೊಂಡು ಘಾಟಿ ಇಳಿಯುವ ಹೊತ್ತಿನಲ್ಲಿ ತಾಲ್ಲೂಕು ಕಚೇರಿಗೆ ಓಡಲು ಆಗುವುದಿಲ್ಲ.

ವೈದ್ಯರ ಸಂಖ್ಯೆ ಮತ್ತು ಔಷಧ ಚೀಟಿ

ವೈದ್ಯಕೀಯ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಂತೆ ಪ್ರತಿಯೊಬ್ಬ ವೈದ್ಯರೂ ವೈದ್ಯಕೀಯ ಪರಿಷತ್ತು ಕೊಟ್ಟ ನೋಂದಣಿ ಸಂಖ್ಯೆಯನ್ನು ತಮ್ಮ ಚಿಕಿತ್ಸಾಲಯದಲ್ಲಿ ತೋರಿಸಬೇಕು. ಅಷ್ಟೇ ಅಲ್ಲ, ಔಷಧ ಚೀಟಿ, ಪ್ರಮಾಣಪತ್ರ, ಹಣದ ರಸೀದಿ ಎಲ್ಲದರ ಮೇಲೂ ಅದು ಇರಬೇಕು. ನಮ್ಮ ರಾಜ್ಯದಲ್ಲಿ ಈ ನೋಂದಣಿ ಮಾಡುವುದು ಕರ್ನಾಟಕ ವೈದ್ಯಕೀಯ ಪರಿಷತ್ತು. ಸಂಖ್ಯೆಯಿದ್ದರೆ ಬರೆದವರು ಯಾರು, ಅವರಿಗೆ ಅಲೋಪತಿ ಔಷಧ ಬರೆಯುವ ಅರ್ಹತೆ ಇದೆಯೇ ಎಂದು ಯಾರು ಬೇಕಾದರೂ ಪರಿಶೀಲಿಸಬಹುದು. ಸಂಖ್ಯೆಯಿಲ್ಲದ ಬಿಳಿ ಹಾಳೆಯ ಚೀಟಿ ಬರೆದವರನ್ನು ಹುಡುಕುವುದು ಹೇಗೆ?

ಬೇರೆ ದೇಶಗಳಲ್ಲಿ ಇದು ಇನ್ನೂ ಬಿಗಿಯಾಗಿದೆ. ಅಮೆರಿಕದಲ್ಲಿ 2007ರಿಂದ ವಿಮಾ ಬಿಲ್ಲುಗಳಲ್ಲಿ ಪ್ರತಿ ವೈದ್ಯರಿಗೂ ಆಸ್ಪತ್ರೆಗೂ 10 ಅಂಕಿಯ ಒಂದೇ ಸಂಖ್ಯೆಯನ್ನು ಬಳಸುತ್ತಾರೆ. ಅಲ್ಲಿನ ಬಡವರ ಸರ್ಕಾರಿ ವಿಮೆಯಲ್ಲಿ, 2010ರ ಕಾಯಿದೆಯ ನಂತರ, ಔಷಧ ಬರೆದ ವೈದ್ಯರ ಸಂಖ್ಯೆ ಬಿಲ್ಲಿನಲ್ಲಿ ಇರಬೇಕೆಂದು ವಿಧಿಸಲಾಗಿದೆ. ಬರೆದವರು ಯಾರೆಂದು ತಿಳಿಯದ ಔಷಧಕ್ಕೆ ಸಾರ್ವಜನಿಕರ ಹಣ ಕೊಡಬಾರದು ಎಂಬುದು ಅದರ ಹಿಂದಿನ ತತ್ತ್ವ. ನಮ್ಮಲ್ಲೂ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರಲ್ಲಿ ದೇಶವ್ಯಾಪಿಯಾದ ಮೇಲೆ ವೈದ್ಯರಿಗೂ ಆಸ್ಪತ್ರೆಗಳಿಗೂ ಇಂಥ ರಾಷ್ಟ್ರೀಯ ಸಂಖ್ಯೆ ಕೊಡುವ ಕೆಲಸ ನಡೆದಿದೆ.

ಇನ್ನು ಚೀಟಿಯಲ್ಲಿ ಏನಿರಬೇಕು? ಔಷಧ ನಿಯಮಗಳು, 1945ರ 65ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ.

1. ಚೀಟಿ ಬರಹದಲ್ಲಿರಬೇಕು, ವೈದ್ಯರ ಸಹಿ ಮತ್ತು ತಾರೀಖು ಇರಬೇಕು.
2. ರೋಗಿಯ ಹೆಸರು ಮತ್ತು ವಿಳಾಸ ಇರಬೇಕು.
3. ಒಟ್ಟು ಎಷ್ಟು ಔಷಧ ಕೊಡಬೇಕು, ಒಂದು ಸಲಕ್ಕೆ ಎಷ್ಟು ತೆಗೆದುಕೊಳ್ಳಬೇಕು ಎಂಬುದು ಇರಬೇಕು.

ಇದಲ್ಲದೆ 2016ರ ತಿದ್ದುಪಡಿಯಂತೆ ವೈದ್ಯರು ಔಷಧದ ಮೂಲ ಹೆಸರನ್ನು, ಅಂದರೆ ಜೆನೆರಿಕ್ ಹೆಸರನ್ನು, ಓದಲು ಬರುವಂತೆ, ಸಾಧ್ಯವಾದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ಇದರಿಂದ ನಿಮಗೆ ನೇರ ಲಾಭವಿದೆ. ಚೀಟಿಯಲ್ಲಿ ಕಂಪನಿಯ ಹೆಸರಿದ್ದರೆ ಅಂಗಡಿಯವರು ಅದನ್ನು ಬಿಟ್ಟು ಬೇರೆ ಔಷಧ ಕೊಡುವಂತಿಲ್ಲ. ಮೂಲ ಹೆಸರಿದ್ದರೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧವನ್ನು ಕಡಿಮೆ ಬೆಲೆಗೆ ಕೊಳ್ಳಬಹುದು. ಆಸ್ಪತ್ರೆಗೆ ಸೇರದೆ ಹೊರರೋಗಿಯಾಗಿ ತೋರಿಸಿಕೊಂಡಾಗ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳ ಖರ್ಚನ್ನು ಆಯುಷ್ಮಾನ್ ಕಾರ್ಡು ಭರಿಸುವುದಿಲ್ಲ. ತಿಂಗಳು ತಿಂಗಳೂ ಅದು ನಿಮ್ಮ ಹಾಲಿನ ಬಟವಾಡೆಯಿಂದಲೇ ಹೋಗಬೇಕು. ಆದ್ದರಿಂದ "ಡಾಕ್ಟ್ರೇ, ಔಷಧದ ಮೂಲ ಹೆಸರು ಬರೆದುಕೊಡಿ" ಎಂದು ವಿನಯದಿಂದ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಚೀಟಿಯ ಲೆಕ್ಕವನ್ನೂ ಕಲಿಯಿರಿ. 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಐದು ದಿನಕ್ಕೆ ಎಂದಿದ್ದರೆ ಒಟ್ಟು ಹತ್ತು ಮಾತ್ರೆ. ಹದಿನೈದು ಕೊಟ್ಟರೆ ಯಾಕೆಂದು ಕೇಳಿ. ಆರು ಮಾತ್ರ ಕೊಂಡು ಜ್ವರ ಬಿಟ್ಟಿತೆಂದು ನಿಲ್ಲಿಸಲೂಬೇಡಿ. ಆಂಟಿಬಯಾಟಿಕ್ ಔಷಧವನ್ನು ವೈದ್ಯರು ಹೇಳಿದಷ್ಟು ದಿನವೂ ತೆಗೆದುಕೊಳ್ಳಬೇಕು.

ಒಂದು ಚೀಟಿಗೆ ಔಷಧ ಕೊಡುವುದು ಒಂದೇ ಸಲ. ಮತ್ತೆ ಕೊಡಬಹುದೆಂದು ವೈದ್ಯರು ಬರೆದಿದ್ದರೆ ಮಾತ್ರ ಎರಡನೇ ಸಲ ಕೊಡಬಹುದು. ಕೊಟ್ಟ ಅಂಗಡಿಯವರು ಚೀಟಿಯ ಮೇಲೆ ತಮ್ಮ ಹೆಸರು, ವಿಳಾಸ, ತಾರೀಖು ಗುರುತು ಮಾಡಬೇಕು. ಬಿಪಿ, ಸಕ್ಕರೆ ಕಾಯಿಲೆಯವರು ಎಷ್ಟು ತಿಂಗಳು ಇದೇ ಚೀಟಿ ನಡೆಯುತ್ತದೆ ಎಂದು ವೈದ್ಯರಿಂದಲೇ ಬರೆಸಿಕೊಳ್ಳಬೇಕು. ಹೆತ್ತೂರು, ಹಾನಬಾಳು, ಯಸಳೂರು ಕಡೆಯಿಂದ ಸಕಲೇಶಪುರಕ್ಕೆ ಬಂದುಹೋಗಲು ಒಂದು ದಿನವೇ ಬೇಕು. ಒಂದು ಸಾಲು ಬರೆಸಿಕೊಂಡರೆ ಎಷ್ಟೋ ಓಡಾಟ ಉಳಿಯುತ್ತದೆ.

ಅಂಗಡಿಯ ಬಿಲ್ಲು

ಮೆಡಿಕಲ್ ಶಾಪಿನ ಬಿಲ್ಲಿನಲ್ಲಿ ಅಂಗಡಿಯ ಹೆಸರು, ವಿಳಾಸ, ಔಷಧ ಮಾರಾಟದ ಲೈಸೆನ್ಸ್ ಸಂಖ್ಯೆ, ಬಿಲ್ಲಿನ ಕ್ರಮಸಂಖ್ಯೆ, ತಾರೀಖು, ಔಷಧದ ಹೆಸರು ಮತ್ತು ಪ್ರಮಾಣ ಇರಬೇಕು. ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಬಿಲ್ಲಿನಲ್ಲಿದ್ದರೆ ಅದನ್ನು ಮಾತ್ರೆಯ ಪಟ್ಟಿಯ ಮೇಲಿರುವುದಕ್ಕೆ ಹೋಲಿಸಿ ನೋಡಿ. ಚಿಲ್ಲರೆ ಕಾಗದದ ಮೇಲೆ ಬರೀ ಮೊತ್ತ ಬರೆದುಕೊಟ್ಟರೆ ಅದು ಬಿಲ್ಲಲ್ಲ. ಮುಂದೆ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕಬೇಕಾಗಿ ಬಂದರೂ ಅಸಲು ಬಿಲ್ಲುಗಳೇ ಆಧಾರ.

ಕೆಲವು ಔಷಧಗಳ ಪಟ್ಟಿಯ ಎಡಬದಿಯಲ್ಲಿ ಕೆಂಪು ಗೆರೆ ಇರುವುದನ್ನು ನೋಡಿರುತ್ತೀರಿ. ಅವು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳು. ಅವುಗಳಲ್ಲಿ ಹಲವು ಆಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳು, ಚಟ ಹಿಡಿಸುವ ಔಷಧಗಳು 'ಎಚ್1' ಎಂಬ ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಇಂಥವನ್ನು ಮಾರುವಾಗ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಖಾಲಿ ಪಟ್ಟಿಯನ್ನು ಬಸ್ಸಿನವರ ಕೈಯಲ್ಲಿ ಕೊಟ್ಟು "ಇಂಥದೇ ತಂದುಬಿಡಿ" ಎನ್ನುವ ರೂಢಿ ಇದ್ದರೆ ಬಿಡಿ. ಪಟ್ಟಿಯ ಜೊತೆ ಚೀಟಿಯೂ ಹೋಗಲಿ, ಬರುವಾಗ ಬಿಲ್ಲೂ ಬರಲಿ.

ಆಸ್ಪತ್ರೆಗೆ ಸೇರುವಾಗ

ಈ ಯೋಜನೆಗಳಲ್ಲಿ ಆಸ್ಪತ್ರೆಗೆ ಹಣ ಬರುವುದು 'ಪ್ಯಾಕೇಜ್' ಲೆಕ್ಕದಲ್ಲಿ. ಪ್ರತಿ ಚಿಕಿತ್ಸೆಗೂ ಒಂದು ಸಂಕೇತ ಸಂಖ್ಯೆ, ಒಂದು ನಿಗದಿತ ದರ. 2018ರ ಆರೋಗ್ಯ ಕರ್ನಾಟಕದ ವ್ಯವಸ್ಥೆಯಲ್ಲಿ ಚಿಕಿತ್ಸೆಗಳನ್ನು ನಾಲ್ಕು ಗುಂಪು ಮಾಡಲಾಯಿತು. 2ಎ ಎಂದರೆ ಸರಳ ದ್ವಿತೀಯ ಹಂತದ ಚಿಕಿತ್ಸೆ. ಇದು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. 2ಬಿ ಕ್ಲಿಷ್ಟ ದ್ವಿತೀಯ ಹಂತ, 3ಎ ತೃತೀಯ ಹಂತ. ಸರ್ಕಾರಿ ಆಸ್ಪತ್ರೆಯಲ್ಲಿ ಸೌಲಭ್ಯ ಇಲ್ಲದಾಗ ಅಲ್ಲಿಂದ ರೆಫರಲ್ ಪತ್ರ ಪಡೆದು ಯೋಜನೆಯ ಖಾಸಗಿ ಆಸ್ಪತ್ರೆಗೆ ಹೋಗಬಹುದು. 4ಎ ತುರ್ತು ಚಿಕಿತ್ಸೆ. ಇದಕ್ಕೆ ರೆಫರಲ್ ಬೇಕಿಲ್ಲ.

ಉದಾಹರಣೆಗೆ, ಆಲೂರು ತಾಲ್ಲೂಕಿನ ಪಾಳ್ಯದ ಕಡೆಯ ಒಬ್ಬ ಬಿಪಿಎಲ್ ಸದಸ್ಯರಿಗೆ ಹೃದಯದ ಶಸ್ತ್ರಚಿಕಿತ್ಸೆ ಬೇಕಾಗಿದೆ ಎಂದುಕೊಳ್ಳಿ. ಅವರು ನೇರವಾಗಿ ದೊಡ್ಡ ಊರಿನ ಖಾಸಗಿ ಆಸ್ಪತ್ರೆಗೆ ಹೋಗಿ ಸೇರಿ, ಬಿಲ್ಲು ಕಟ್ಟಿ, ಆಮೇಲೆ ಕಾರ್ಡು ತೋರಿಸಿದರೆ ಪ್ರಯೋಜನವಿಲ್ಲ. ಕಟ್ಟಿದ ಹಣವನ್ನು ಹಿಂದಕ್ಕೆ ಕೊಡುವ ಕ್ರಮದಲ್ಲಿ ಈ ಯೋಜನೆ ನಡೆಯುವುದಿಲ್ಲ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ, ಇಲ್ಲವೇ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ತೋರಿಸಬೇಕು. ಸಕಲೇಶಪುರದವರಿಗೆ ಕ್ರಾಫರ್ಡ್ ಆಸ್ಪತ್ರೆ ಇದೆ. ಅಲ್ಲಿ ಆಗದ ಚಿಕಿತ್ಸೆಯಾದರೆ ರೆಫರಲ್ ಪತ್ರ ಪಡೆದು ಮುಂದಿನ ಆಸ್ಪತ್ರೆಯಲ್ಲಿ 'ಆರೋಗ್ಯ ಮಿತ್ರ'ರನ್ನು ಕಾಣಬೇಕು. ಆಸ್ಪತ್ರೆಯವರು ಟ್ರಸ್ಟಿನಿಂದ ಪೂರ್ವಾನುಮತಿ ಪಡೆದ ಮೇಲೆ ಚಿಕಿತ್ಸೆ ಆರಂಭವಾಗುತ್ತದೆ. ಮರದಿಂದ ಬಿದ್ದದ್ದು, ಆನೆ ದಾಳಿಯಂಥ ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ ಪತ್ರಕ್ಕಾಗಿ ಅಲೆಯದೆ ಹತ್ತಿರದ ಆಸ್ಪತ್ರೆಗೆ ಸೇರಿಸಿ, ಸೇರಿಸುವಾಗಲೇ ಕಾರ್ಡಿನ ವಿಷಯ ತಿಳಿಸಿ.

ಯಶಸ್ವಿನಿಯಲ್ಲೂ ಹೀಗೆಯೇ: ಜಾಲದಲ್ಲಿರುವ ಆಸ್ಪತ್ರೆ, ಪಟ್ಟಿಯಲ್ಲಿರುವ ಚಿಕಿತ್ಸೆ, ಮೊದಲೇ ಅನುಮತಿ. ಎರಡು ಕಾರ್ಡಿದ್ದವರು ಒಂದೇ ಚಿಕಿತ್ಸೆಗೆ ಎರಡರಲ್ಲೂ ಕ್ಲೇಮು ಮಾಡುವಂತಿಲ್ಲ. ಯಾವುದರಲ್ಲಿ ಎಂದು ಸೇರುವಾಗಲೇ ತೀರ್ಮಾನಿಸಿ.

ಆಯುಷ್ಮಾನ್ ಪ್ಯಾಕೇಜಿನಲ್ಲಿ ಹಾಸಿಗೆ, ವೈದ್ಯರ ಶುಲ್ಕ, ಔಷಧ, ಪರೀಕ್ಷೆ, ಊಟ ಎಲ್ಲ ಸೇರಿದೆ. ಸೇರುವ ಮೊದಲಿನ 3 ದಿನ, ಬಿಡುಗಡೆಯ ನಂತರದ 15 ದಿನಗಳ ಔಷಧ ಮತ್ತು ಪರೀಕ್ಷೆಗಳೂ ಸೇರಿವೆ. ಇದನ್ನು ತಿಳಿಯದೆ ಹೊರಗಡೆ ಔಷಧ ಕೊಂಡು ಹಣ ಕಳೆದುಕೊಳ್ಳಬೇಡಿ. ಪೂರ್ತಿ ಉಚಿತ ಚಿಕಿತ್ಸೆಗೆ ಅರ್ಹರಾದವರಿಂದ ಪ್ಯಾಕೇಜಿನೊಳಗಿನ ಯಾವುದಕ್ಕೂ ಹಣ ಕೇಳಿದರೆ ರಸೀದಿ ಕೇಳಿ. 14555 ಉಚಿತ ದೂರವಾಣಿಗೆ ದೂರು ಕೊಡಿ.

ಬಿಡುಗಡೆಯಾಗುವಾಗ ಖಾಲಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಬೇಡಿ. ಯಾವ ಚಿಕಿತ್ಸೆಗೆ ಎಷ್ಟು ಕ್ಲೇಮು ಮಾಡಿದ್ದಾರೆಂದು ಓದಿಸಿ ಕೇಳಿ. ಮಾಡದ ಚಿಕಿತ್ಸೆಗೆ ಕ್ಲೇಮಾದರೆ ಕಳೆಯುವುದು ನಿಮ್ಮ ಕುಟುಂಬದ ಆ ವರ್ಷದ 5 ಲಕ್ಷದಿಂದಲೇ. ಡಿಸ್ಚಾರ್ಜ್ ಕಾರ್ಡಿನಲ್ಲಿ ರೋಗ, ಮಾಡಿದ ಚಿಕಿತ್ಸೆ, ಮುಂದಿನ ಔಷಧ, ಮತ್ತೆ ಬರಬೇಕಾದ ದಿನ, ವೈದ್ಯರ ಹೆಸರು, ನೋಂದಣಿ ಸಂಖ್ಯೆ ಇವೆಯೇ ನೋಡಿ. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬುದು ವೈದ್ಯರಿಗಿರುವ ನಿಯಮ.

ಹಸುವಿನ ಚೀಟಿಗೂ ಇದೇ ನಿಯಮ

ಮೇಲೆ ಹೇಳಿದ 65ನೇ ನಿಯಮ ಜಾನುವಾರುಗಳನ್ನೂ ಮರೆತಿಲ್ಲ. ಔಷಧ ಪ್ರಾಣಿಗಾದರೆ ಚೀಟಿಯಲ್ಲಿ ಅದರ ಮಾಲೀಕರ ಹೆಸರು, ವಿಳಾಸ ಇರಬೇಕು. ಕಿವಿಯೋಲೆ ಸಂಖ್ಯೆಯನ್ನೂ ಬರೆಸಿಕೊಂಡರೆ ವಿಮೆಗೆ ಅನುಕೂಲ. ಪಶುವೈದ್ಯರಿಂದ ಔಷಧದ ಹೆಸರು, ಎಷ್ಟು ದಿನ, ಎಷ್ಟು ದಿನ ಹಾಲನ್ನು ಡೈರಿಗೆ ಹಾಕಬಾರದು ಎಂಬ ಮೂರನ್ನೂ ಬರೆಸಿಕೊಳ್ಳಿ. ಪ್ರಾಣಿಗಳ ಔಷಧದ ಮೇಲೆ ಸಾಕುಪ್ರಾಣಿಯ ತಲೆಯ ಗುರುತು ಮತ್ತು ಮನುಷ್ಯರಿಗಲ್ಲ ಎಂಬ ಬರಹ ಇರುತ್ತದೆ. ಕೊಟ್ಟಿಗೆಯ ಔಷಧ ಕೊಟ್ಟಿಗೆಯಲ್ಲೇ ಇರಲಿ, ಮನೆಯ ಔಷಧದೊಂದಿಗೆ ಬೆರೆಸಬೇಡಿ.

ಈ ವಾರ ಮಾಡಬೇಕಾದದ್ದು

1. ಮನೆಯವರೆಲ್ಲರ ಕಾರ್ಡು, ಆಧಾರ್, ಪಡಿತರ ಚೀಟಿ ಮುಂದಿಟ್ಟುಕೊಂಡು ಹೆಸರು, ವಯಸ್ಸು ಹೋಲಿಸಿ ನೋಡಿ.
2. ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಳೆ, ಹೊಗೆ ತಗಲದ ಕಡೆ ಇಡಿ. ಎಲ್ಲಿದೆ ಎಂಬುದು ಮನೆಯ ಹೆಂಗಸರಿಗೂ ಮಕ್ಕಳಿಗೂ ತಿಳಿದಿರಲಿ.
3. ಸಂಖ್ಯೆಗಳನ್ನು ಹಾಲಿನ ಪಾಸ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ.
4. ಯಶಸ್ವಿನಿ ನವೀಕರಣದ ಕೊನೆಯ ದಿನವನ್ನು ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿ. ತೊಂದರೆಯಿದ್ದರೆ ತಾಲ್ಲೂಕಿನ ಸಹಕಾರ ಅಭಿವೃದ್ಧಿ ಅಧಿಕಾರಿಯವರನ್ನು ಕಾಣಿರಿ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಆಭಾ ಸಂಖ್ಯೆಗೂ ಆಯುಷ್ಮಾನ್ ಕಾರ್ಡಿಗೂ ಇರುವ ವ್ಯತ್ಯಾಸವೇನು?
2. 1-1-1 ಎಂದು ಏಳು ದಿನಕ್ಕೆ ಬರೆದ ಚೀಟಿಗೆ ಒಟ್ಟು ಎಷ್ಟು ಮಾತ್ರೆ ಬರಬೇಕು?
3. ವೈದ್ಯರ ನೋಂದಣಿ ಸಂಖ್ಯೆ ಯಾವ ಯಾವ ಕಾಗದಗಳ ಮೇಲೆ ಇರಬೇಕು?
4. ನಮ್ಮ ಸಂಘದಲ್ಲಿ ಯಶಸ್ವಿನಿಗೆ ಸೇರದೆ ಉಳಿದಿರುವ ಸದಸ್ಯರು ಯಾರು? ಅವರನ್ನು ಸೇರಿಸಲು ಯಾರು ಜವಾಬ್ದಾರಿ ವಹಿಸುತ್ತೀರಿ?

ಮೊದಲ ಮೂರಕ್ಕೆ ಉತ್ತರ ಈ ಪಾಠದಲ್ಲೇ ಇದೆ. ನಾಲ್ಕನೆಯದಕ್ಕೆ ಉತ್ತರ ನಿಮ್ಮ ಸಂಘದ ಸದಸ್ಯರ ಪುಸ್ತಕದಲ್ಲಿದೆ. ಅದನ್ನು ತೆರೆದು ನೋಡಿ, ಹೆಸರುಗಳನ್ನು ಓದಿಸಿರಿ.